ಆಟಿಯ ಮಳೆಯಲ್ಲಿ ಎಡನೀರು, ಕಾಞಂಗಾಡು

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಯಾರಾದರೂ ಯಾತ್ರೆ ಹೊರಡುತ್ತಾರಾ ಎಂದು ಮನೆಯಲ್ಲಿ ಮಾತು ಬಂತು. ನಮ್ಮ ಕಾಸರಗೋಡು ಕಡೆ ಆಟಿ ಎಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಯಕ್ಷಗಾನ ಮೇಳಗಳ ಆಟವೂ ಇಲ್ಲ. ಆದರೆ ಮಠ, ಆಶ್ರಮಗಳಿಗೆ ಇದೇ ತುಂಬಿದ ಕಾಲ. ಊರೂರು ತಿರುಗುವ ಸನ್ಯಾಸಿಗಳು ಒಂದೇ ಕಡೆ ನಿಲ್ಲುವುದು ಈ ಮಳೆಯಲ್ಲೇ. ಅವರ ಬದುಕನ್ನು ಹತ್ತಿರದಿಂದ ನೋಡಬೇಕು ಎಂದಿದ್ದರೆ ಮಳೆಗಾಲದಲ್ಲೇ ಹೋಗಬೇಕು ಎಂದು ನಾನು ಎಷ್ಟೋ ಜನರಿಗೆ ಹೇಳುತ್ತಾ ಬಂದಿದ್ದೇನೆ. ಈ ಸಲ ಚಿಕ್ಕಮ್ಮ ಒಪ್ಪಿದರು.

ಒಪ್ಪಿದರೂ ಹೊರಡುವುದು ಸುಲಭ ಇರಲಿಲ್ಲ. ನಮ್ಮದು ಬದಿಯಡ್ಕ ಕಡೆ, ಅಡಿಕೆ ತೋಟದ ಮನೆ. ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಕೆಲಸದವರು ಸಿಗುವುದೂ ಆವಾಗಲೇ, ಸಿಗದೇ ಹೋಗುವುದೂ ಆವಾಗಲೇ. "ಎರಡನೇ ಮದ್ದು ಆಗಲಿ, ಮತ್ತೆ ಎಲ್ಲಿಗೆ ಬೇಕಾದರೂ ಹೋಗಿ" ಎಂದರು ಚಿಕ್ಕಪ್ಪ. ಅದು ಮುಗಿದದ್ದೇ ತಡ, ನಾವು ಹೊರಟೆವು.

ಮೊದಲು ಎಡನೀರು ಮಠ. ಬದಿಯಡ್ಕದಿಂದ ಚೆರ್ಕಳದ ಬಸ್ಸು ಹತ್ತಿದರೆ ದಾರಿಯಲ್ಲೇ ಇಳಿಯಬಹುದು. ದೇಶದ ಕಾನೂನು ಓದಿದವರಿಗೆಲ್ಲ ಈ ಮಠದ ಹೆಸರು ಗೊತ್ತು. ಕೇಶವಾನಂದ ಭಾರತಿ ಸ್ವಾಮೀಜಿ ಕೇರಳ ಸರ್ಕಾರದ ವಿರುದ್ಧ ಹೂಡಿದ ದಾವೆಯಲ್ಲೇ ಅಲ್ವಾ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಹೇಳಿದ್ದು. ಆದರೆ ನಮ್ಮೂರವರಿಗೆ ಅವರು ಹಾಡುವ ಸ್ವಾಮೀಜಿ, ಯಕ್ಷಗಾನದ ಸ್ವಾಮೀಜಿ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಈಗ ಸಚ್ಚಿದಾನಂದ ಭಾರತಿ ಸ್ವಾಮೀಜಿ ಪೀಠದಲ್ಲಿದ್ದಾರೆ.

ನಾವು ಹೋದಾಗ ಚಾತುರ್ಮಾಸ್ಯ ನಡೆಯುತ್ತಿತ್ತು. ಆಷಾಢ ಹುಣ್ಣಿಮೆಯಂದು ವ್ಯಾಸಪೂಜೆ ಮಾಡಿ ವ್ರತಕ್ಕೆ ಕೂತರೆ ಮುಗಿಯುವುದು ಭಾದ್ರಪದ ಹುಣ್ಣಿಮೆಗೆ. ಹೆಸರಿಗೆ ನಾಲ್ಕು ತಿಂಗಳು, ಆದರೆ ಪಕ್ಷವನ್ನೇ ಮಾಸ ಎಂದು ಲೆಕ್ಕ ಹಿಡಿದು ಎರಡು ತಿಂಗಳಿಗೆ ಮುಗಿಸುವ ಕ್ರಮ ಇದೆ. ಮಳೆಗೆ ನೆಲದಲ್ಲೆಲ್ಲ ಹುಳ ಹುಪ್ಪಟೆ, ಮೊಳಕೆ. ನಡೆದಾಡಿದರೆ ಕಾಲಡಿಗೆ ಜೀವ ಹೋಗುತ್ತದೆ, ಅದಕ್ಕೇ ಸನ್ಯಾಸಿ ನಿಂತಲ್ಲೇ ನಿಲ್ಲಬೇಕು ಅಂತ ಹಿಂದಿನವರು ಮಾಡಿದ್ದು. ಮಠದ ಅಂಗಳ ದಾಟುವಾಗ ಸಹಸ್ರಪದಿಗಳು ಸಾಲು ಹಿಡಿದು ಗೋಡೆ ಹತ್ತುತ್ತಿದ್ದವು. ಚಿಕ್ಕಮ್ಮ ಸೀರೆ ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ನೋಡಿ ಇಟ್ಟರು. ಆ ನಿಯಮ ಯಾಕೆ ಹುಟ್ಟಿತು ಎಂದು ಯಾರೂ ವಿವರಿಸಬೇಕಾಗಿ ಬರಲಿಲ್ಲ.

ವ್ರತದ ಊಟಕ್ಕೂ ಲೆಕ್ಕ ಇದೆ. ಮೊದಲು ತರಕಾರಿ ಬಿಡುವುದು, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಇದು ಸನ್ಯಾಸಿಗಳಿಗೆ. ಬಂದವರಿಗೆ ಬಾಳೆಲೆಯ ಊಟ, ಪಾಯಸ.

ಸಂಜೆ ತಾಳಮದ್ದಳೆ ಇತ್ತು, ಕೃಷ್ಣ ಸಂಧಾನ. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಇದು. ಬಯಲಾಟದ ತಿರುಗಾಟ ಮುಗಿದ ಕಲಾವಿದರು ಮಳೆಗಾಲದಲ್ಲಿ ಊರಲ್ಲೇ ಇರುತ್ತಾರೆ, ಸ್ವಾಮಿಗಳೂ ಊರಲ್ಲೇ ಇರುತ್ತಾರೆ, ತೋಟದವರಿಗೂ ಕತ್ತಲಾದ ಮೇಲೆ ಕೆಲಸ ಇಲ್ಲ, ಹಾಗಾಗಿ ವೇಷ ಇಲ್ಲದ, ಕುಣಿತ ಇಲ್ಲದ, ಬರೀ ಮಾತಿನ ಈ ಕೂಟಕ್ಕೆ ಇದಕ್ಕಿಂತ ಒಳ್ಳೆ ಕಾಲ ಬೇರೆ ಇಲ್ಲ. ಭಾಗವತರು ಪದ ಎತ್ತಿದ ಹೊತ್ತಿಗೆ ಮಾಡಿನ ಮೇಲೆ ಮಳೆ ಧೋ ಎಂದು ಸುರಿಯಿತು. ಚೆಂಡೆಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರು ಶ್ರುತಿ ಏರಿಸಿದರು. ಕೌರವನ ಅರ್ಥ ಹೇಳುವವರು ಮುಂದಕ್ಕೆ ಬಾಗಿ, ಮಳೆ ಒಂಚೂರು ಇಳಿಯುವವರೆಗೆ ಕಾದು, ಸರಿಯಾದ ಕ್ಷಣಕ್ಕೆ ಮಾತು ಶುರು ಮಾಡಿದರು. ಹಿಂದೆ ಕೂತಿದ್ದ ಮಠದ ಶಾಲೆಯ ಮಕ್ಕಳು ಕೂಡ ಅಲುಗಾಡಲಿಲ್ಲ. ಗಡಿಯ ಈಚೆ ಕನ್ನಡ ಉಳಿದಿದೆಯಾ ಎಂದು ಕೇಳುವವರು ಒಮ್ಮೆ ಈ ಕೂಟಕ್ಕೆ ಬಂದು ಕೂರಬೇಕು.

ಮರುದಿನ ಕಾಞಂಗಾಡು. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದ ಕಡೆ ಮಣ್ಣು ಜರಿಯುವ ಭಯ, ಅದಕ್ಕೆ ಕಾಸರಗೋಡು ಪೇಟೆಗೆ ಬಂದು ಸಮುದ್ರದ ಬದಿಯ ದಾರಿ ಹಿಡಿದೆವು. ಚಂದ್ರಗಿರಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ರಾಮನಾಮದ ಸಂತ ಪಪ್ಪಾ ರಾಮದಾಸರ ಮೊದಲ ಆಶ್ರಮ ಇದ್ದದ್ದು ಇಲ್ಲೇ, ಕಾಸರಗೋಡಿನ ಪಿಲಿಕುಂಜೆಯಲ್ಲಿ, 1928ರಲ್ಲಿ. ಕಿಡಿಗೇಡಿಗಳ ಕಾಟ ತಡೆಯಲಾಗದೆ ಅದನ್ನು ಬಿಟ್ಟರು. 1931ರಲ್ಲಿ ಕಾಞಂಗಾಡಿನ ಗುಡ್ಡದ ಬುಡದಲ್ಲಿ ಆನಂದಾಶ್ರಮ ಶುರುವಾಯಿತು.

ರಾಮದಾಸರು ಹೊರಗಿನವರಲ್ಲ, ಕಾಞಂಗಾಡಿನ ಹೊಸದುರ್ಗದಲ್ಲೇ 1884ರಲ್ಲಿ ಹುಟ್ಟಿದವರು. ಪೂರ್ವಾಶ್ರಮದ ಹೆಸರು ವಿಠಲ ರಾವ್. ಮನೆಮಾತು ಕೊಂಕಣಿ. ಸಂಸಾರ, ವ್ಯಾಪಾರದ ನಷ್ಟ, ಸಾಲ ಎಲ್ಲ ಕಂಡವರು. ತಂದೆಯೇ ರಾಮಮಂತ್ರ ಕೊಟ್ಟರು. ಅದಕ್ಕೆ ಮುಂದೆ ಓಂಕಾರ ಸೇರಿಸಿಕೊಂಡು 1922ರ ಡಿಸೆಂಬರಿನಲ್ಲಿ ಮಂಗಳೂರು ಬಿಟ್ಟು ಹೊರಟರು. ತಿರುವಣ್ಣಾಮಲೈಯ ಅರುಣಾಚಲ ಬೆಟ್ಟದಲ್ಲಿ ರಮಣ ಮಹರ್ಷಿಗಳನ್ನು ನೋಡಿ, ಅಲ್ಲೇ ಗುಹೆಯಲ್ಲಿ ಕೂತು ಜಪ ಮಾಡಿದರು. ಅದೇ ಮಂತ್ರ ಇವತ್ತಿಗೂ ಆಶ್ರಮದ ಭಜನಾ ಮಂದಿರದಲ್ಲಿ ನಡೆಯುತ್ತಾ ಇದೆ. ಓಂ ಶ್ರೀರಾಮ ಜಯ ರಾಮ ಜಯ ಜಯ ರಾಮ. ಒಂದು ಗುಂಪು ಹೇಳುತ್ತದೆ, ಇನ್ನೊಂದು ಗುಂಪು ಅದನ್ನೇ ತಿರುಗಿ ಹೇಳುತ್ತದೆ. ಇಷ್ಟೇ. ಪ್ರವಚನ ಇಲ್ಲ, ಮೈಕಿನ ಗಲಾಟೆ ಇಲ್ಲ. ಮೊದಲು ನನಗೆ ಹೊರಗಿನ ಸದ್ದೇ ಕಿವಿಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಾಯಿ ತಾನಾಗಿ ಸೇರಿಕೊಂಡಿತು. ಚಿಕ್ಕಮ್ಮನಂತೂ ಊಟದ ಗಂಟೆ ಆದರೂ ಏಳಲಿಲ್ಲ.

ಕಚೇರಿಯಲ್ಲಿ ಒಬ್ಬರು ಹಿರಿಯರು ಮಲಯಾಳ ಬೆರೆಸಿದ ಕನ್ನಡದಲ್ಲಿ ಜಪದ ಲೆಕ್ಕದ ವಿಷಯ ಹೇಳಿದರು. ರಾಮದಾಸರು 1963ರ ಜುಲೈ 25ರಂದು ದೇಹ ಬಿಟ್ಟ ಮೇಲೆ ಅವರ ಶಿಷ್ಯೆ ಕೃಷ್ಣಾಬಾಯಿ ಮಾತಾಜಿ ಲೋಕದ ಶಾಂತಿಗಾಗಿ 15,500 ಕೋಟಿ ರಾಮನಾಮ ಜಪದ ಸಂಕಲ್ಪ ಮಾಡಿದರು. ಎಲ್ಲೆಲ್ಲಿಂದಲೋ ಜನ ತಾವು ಮಾಡಿದ ಜಪದ ಲೆಕ್ಕ ಕಳಿಸುತ್ತಾರೆ. "ನಾನು ಅಡಿಗೆ ಮಾಡುತ್ತಾ ಹೇಳಿದ್ದು ಲೆಕ್ಕಕ್ಕೆ ಬರ್ತದಾ?" ಎಂದು ಚಿಕ್ಕಮ್ಮ ಕೇಳಿದರು. "ಬರ್ತದೆ ಅಮ್ಮಾ, ಯಾಕೆ ಬಾರದು?" ಎಂದರು ಅವರು. ಚಿಕ್ಕಮ್ಮನ ಮುಖ ನೋಡಬೇಕಿತ್ತು. ಮನೆಕೆಲಸ ಬಿಟ್ಟು ಬಂದರೆ ಮಾತ್ರ ಸಾಧನೆ ಎಂದು ಹೇಳಿ ಹೇಳಿ ಹೆಂಗಸರನ್ನು ದೂರ ಇಟ್ಟವರು ಎಷ್ಟು ಜನ! ಇಲ್ಲಿ ಆ ಮಾತೇ ಇಲ್ಲ. ನನಗೆ ಈ ಜಾಗದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಮಧ್ಯಾಹ್ನದ ಮೇಲೆ ನಿತ್ಯಾನಂದಾಶ್ರಮಕ್ಕೆ ಹೋದೆವು, ಹೊಸದುರ್ಗ ಕೋಟೆಯ ಹತ್ತಿರ. ಮುರಕಲ್ಲಿನ ಗುಡ್ಡ ಕೊರೆದು ಮಾಡಿದ 45 ಗುಹೆಗಳು. ಒಳಗೆ ಬಗ್ಗಿ ಹೋದರೆ ಗೋಡೆ ಒದ್ದೆ, ಕೈ ಇಟ್ಟರೆ ಅಂಗೈಗೆ ಕೆಂಪು ಬಣ್ಣ. ಭಗವಾನ್ ನಿತ್ಯಾನಂದರು ಇಲ್ಲಿಂದ ಮಹಾರಾಷ್ಟ್ರದ ಗಣೇಶಪುರಿಗೆ ಹೋಗಿ ಅಲ್ಲೇ 1961ರ ಆಗಸ್ಟ್ 8ರಂದು ಸಮಾಧಿಯಾದರು. ಕಾಲು ಜಾರುತ್ತದೆ, ವಯಸ್ಸಾದವರು ಜಾಗ್ರತೆ.

ಹೋಗುವವರಿಗೆ ಮುಂದಿನ ದಿನಗಳನ್ನು ಹೇಳಿಬಿಡುತ್ತೇನೆ. ಎಡನೀರಿನ ಚಾತುರ್ಮಾಸ್ಯ ಭಾದ್ರಪದ ಹುಣ್ಣಿಮೆವರೆಗೆ, ನಡುವೆ ಅಷ್ಟಮಿ ಬರುತ್ತದೆ, ಗೋಪಾಲಕೃಷ್ಣನ ಸನ್ನಿಧಿ ಆದ್ದರಿಂದ ಆ ದಿನ ಜನ ಜಾಸ್ತಿ. ಆನಂದಾಶ್ರಮದಲ್ಲಿ ಅಕ್ಟೋಬರ್ 12 ಮಾತಾಜಿಯ ನಂತರ ಆಶ್ರಮ ನಡೆಸಿದ ಸ್ವಾಮಿ ಸಚ್ಚಿದಾನಂದರ ಸಮಾಧಿ ದಿನ, 2008ರಲ್ಲಿ ಹೋದವರು ಅವರು. ಮಾತಾಜಿಯ ದಿನ ಫೆಬ್ರವರಿ 12. ರಾಮದಾಸರು ಹುಟ್ಟಿದ್ದು ಚೈತ್ರ ಹುಣ್ಣಿಮೆಯಂದು, ಆದರೆ ಆಗ ಬಿಸಿಲು, ಸೆಖೆ. ಸುಮ್ನೆ ಕೂತು ಜಪ ಮಾಡಬೇಕು ಎನ್ನುವವರು ವಿಶೇಷ ದಿನ ಬಿಟ್ಟು ಹೋಗುವುದು ಒಳ್ಳೆಯದು.

ಉಳಿಯುವುದಿದ್ದರೆ ಆಶ್ರಮಕ್ಕೆ ಮೊದಲೇ ಬರೆದು ಕೇಳಿ, ಒಪ್ಪಿಗೆ ಬಂದ ಮೇಲೆಯೇ ಹೊರಡಿ. ಬಟ್ಟೆ ಒಣಗುವುದಿಲ್ಲ, ಒಂದು ಜೊತೆ ಜಾಸ್ತಿ ಇರಲಿ. ಚಿಕ್ಕಮ್ಮ ಈಗಲೇ ಹೇಳಿಯಾಗಿದೆ, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಇನ್ನೊಮ್ಮೆ ಕಾಞಂಗಾಡಿಗೆ ಹೋಗಬೇಕಂತೆ, ಈ ಸಲ ಚಿಕ್ಕಪ್ಪನನ್ನೂ ಕರೆದುಕೊಂಡು.