ಎಡ ಚಕ್ರದ ಹಿಂದಿನ ಎರಡು ವೈರ್

ಜೂನ್ ಕೊನೆಯ ವಾರ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದಿತ್ತು. ಹಿಂದಿನ ಸಂಜೆ ತೀರ್ಥಹಳ್ಳಿ ಪೇಟೆಯಿಂದ ಬರುವಾಗ ಕಾರಿನ ಎಬಿಎಸ್‌ನ ಹಳದಿ ದೀಪ ಹತ್ತಿತು, ಆರಲೇ ಇಲ್ಲ. ಬ್ರೇಕ್ ಜೋರಾಗಿ ತುಳಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ದೀಪ ಹತ್ತಿದರೂ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು. ಆಮೇಲೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಆ ಮಳೆಯಲ್ಲಿ, 14 ಹೇರ್‌ಪಿನ್ ತಿರುವುಗಳಲ್ಲಿ, ಮಗಳನ್ನು ಕೂರಿಸಿಕೊಂಡು ಹೋಗಲು ಮನಸ್ಸಾಗಲಿಲ್ಲ.

ಪರಿಚಯದ ಮೆಕ್ಯಾನಿಕ್, ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಕೋಡ್ ಸಿ0035. ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್, ಅಂದರೆ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಎಬಿಎಸ್‌ಗೆ ತಿಳಿಸುವ ಭಾಗ. "ವೈರ್ ಸಮೇತ ಬದಲಾಯಿಸ್ಬೇಕು ಸರ್, ತರಿಸೋಕೆ ನಾಲ್ಕು ದಿನ" ಅಂದರು. ಆದರೆ ಕೋಡ್ ಹೇಳುವುದು ಆ ಚಕ್ರದ ಸಿಗ್ನಲ್ ಸರಿಯಿಲ್ಲ ಅಂತ ಮಾತ್ರ ಅಲ್ವಾ? ಕೆಟ್ಟಿದ್ದು ಸೆನ್ಸರೋ ವೈರೋ ಅನ್ನುವುದನ್ನು ನಾವೇ ನೋಡಬೇಕು.

ಕಾರನ್ನು ಅಡಿಕೆ ಸುಲಿಯುವ ಶೆಡ್ಡಿಗೆ ತಂದೆ. ಮಗಳು ಒಳಗೆ ಕೂತು ಸ್ಟೇರಿಂಗ್ ಹಿಡಿದಳು. "ಅಪ್ಪಾ, ಪೂರ್ತಿ ತಿರುಗಿಸ್ಲಾ?" ಅಂದಳು. ಪೂರ್ತಿ ತಿರುಗಿಸಿದಾಗ ಟಾರ್ಚ್ ಬೆಳಕಲ್ಲಿ ಕಾಣಿಸಿತು: ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ಸೆನ್ಸರಿನ ವೈರ್ ಬಿಗಿದ ತಂತಿಯ ಹಾಗೆ ಎಳೆದುಕೊಂಡಿತ್ತು. ಅದನ್ನು ಹಿಡಿದಿಡಬೇಕಾದ ಕ್ಲಿಪ್ಪೇ ಇರಲಿಲ್ಲ. ಹೋದ ವರ್ಷ ಸಸ್ಪೆನ್ಷನ್ ಕೆಲಸ ಮಾಡಿಸಿದ್ದೆ. ಆಗ ಬಿಚ್ಚಿದ್ದನ್ನು ವಾಪಸ್ ಹಾಕಿಲ್ಲ. ಅಷ್ಟು ದಿನ ಪ್ರತಿ ತಿರುವಿನಲ್ಲೂ ಆ ವೈರ್ ಜಗ್ಗಿಸಿಕೊಂಡಿದೆ.

ಮಗಳನ್ನು ಇಳಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಸ್ಟ್ಯಾಂಡ್ ಇಟ್ಟೆ. ಬರೀ ಜ್ಯಾಕ್ ನಂಬಿ ದಯವಿಟ್ಟು ಯಾರೂ ಕೈ ಹಾಕಬೇಡಿ. ಬ್ಯಾಟರಿಯ ಮೈನಸ್ ತೆಗೆದು, ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಬಲಗಡೆ ಸೆನ್ಸರ್ 1.1 ಕಿಲೋಓಮ್ ತೋರಿಸಿತು. ಎಡಗಡೆ ಏನೂ ಇಲ್ಲ. ವೈರನ್ನು ಬೆರಳಲ್ಲಿ ಅದುಮುತ್ತ ಹೋದೆ. ಒಂದು ಜಾಗದಲ್ಲಿ ಅದೇ 1.1 ಬಂತು, ಬಿಟ್ಟರೆ ಹೋಯಿತು. ವೈರ್ ಒಳಗೆ ಕಡಿದಿರುವುದು ಅಲ್ಲೇ, ಸೆನ್ಸರ್ ಚೆನ್ನಾಗಿಯೇ ಇದೆ! ಆ ಕ್ಷಣದ ಸಂತೋಷ ಹೇಳತೀರದು. ಒಂದು ಎಚ್ಚರ: ನನ್ನದು ಹಳೆಯ ಕಾರು, ಸೆನ್ಸರ್ ಒಳಗೆ ಬರೀ ಅಯಸ್ಕಾಂತ ಮತ್ತು ಕಾಯಿಲ್. ಈಗಿನ ಹೆಚ್ಚಿನ ಕಾರುಗಳಲ್ಲಿ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಆಕ್ಟಿವ್ ಸೆನ್ಸರ್ ಇರುತ್ತದೆ. ಅದಕ್ಕೆ ಓಮ್ ಮೀಟರ್ ಹಿಡಿದರೆ ಸೆನ್ಸರ್ರೇ ಹಾಳಾಗಬಹುದು.

ಕಡಿದ ಜಾಗದಲ್ಲೇ ಹೊಸೆದು ಟೇಪ್ ಸುತ್ತಿದರೆ ಮುಗಿಯಿತು ಅಂದುಕೊಳ್ಳಬೇಡಿ. ನೀರು ಒಳಗೆ ಹೋಗುತ್ತದೆ. ಬೆಸುಗೆ ಹಾಕಿದರೂ, ವೈರ್ ಬಳುಕುವ ಜಾಗವಾದ್ದರಿಂದ ಬೆಸುಗೆಯ ಅಂಚಿನಲ್ಲಿ ಮತ್ತೆ ಮುರಿಯುತ್ತದೆ. ನಾನು ವೈರ್ ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿತ್ತು. ಹೊಳೆಯುವ ತಾಮ್ರ ಸಿಗುವ ತನಕ ಎರಡೂ ಕಡೆ ಕತ್ತರಿಸುತ್ತ ಹೋದೆ. ಬಳುಕುವ ಭಾಗ ಪೂರ್ತಿ ಹೋಯಿತು, ಅದೇ ಬೇಕಾಗಿತ್ತು. ಅಲ್ಲಿಗೆ ಅಷ್ಟೇ ದಪ್ಪದ, ಸಣ್ಣ ಎಳೆಗಳ ಹೊಸ ವೈರ್ ಜೋಡಿ ಹಾಕಿದೆ. ಜಾಯಿಂಟ್‌ಗಳೆಲ್ಲ ವೈರ್ ಅಲುಗಾಡದ ಜಾಗಕ್ಕೆ ಬಂದವು. ಕ್ರಿಂಪ್ ಮಾಡಿ (ಸಣ್ಣ ಲೋಹದ ಕೊಳವೆಯಲ್ಲಿ ವೈರ್ ತುದಿಗಳನ್ನು ಅದುಮಿ ಕೂಡಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿದೆ. ಅಂಚಿನಲ್ಲಿ ಅಂಟು ಒಸರಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಎರಡು ವೈರ್‌ಗಳ ಜಾಯಿಂಟ್ ಅಕ್ಕಪಕ್ಕ ಬರದ ಹಾಗೆ ಹಿಂದೆ ಮುಂದೆ ಇಟ್ಟೆ. ಮೂಲ ವೈರ್‌ನಲ್ಲಿ ಇದ್ದ ಹಾಗೇ ಎರಡನ್ನೂ ಒಂದಕ್ಕೊಂದು ಹೊಸೆದೆ. ಸುಮ್ನೆ ಹೊಸೆದಿರುವುದಿಲ್ಲ ಅದು, ಸಿಗ್ನಲ್‌ಗೆ ಬೇರೆ ಕರೆಂಟಿನ ಕಿರಿಕಿರಿ ಸೇರಬಾರದು ಅಂತ.

ಕೊನೆಗೆ ಪೇಟೆಯಿಂದ ತಂದ ಹೊಸ ಕ್ಲಿಪ್. ಇಡೀ ಕೆಲಸದಲ್ಲಿ ಇದೇ ಮುಖ್ಯ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯುತ್ತಿಲ್ಲ, ಟೈರ್‌ಗೆ ತಾಗುತ್ತಿಲ್ಲ ಅಂತ ನೋಡಿಕೊಂಡೆ. ಮೀಟರ್ 1.1 ತೋರಿಸಿತು. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಅಂಕಿ ಕುಣಿಯಿತು, ಅಂದರೆ ಸೆನ್ಸರ್ ಸಿಗ್ನಲ್ ಕೊಡುತ್ತಿದೆ.

ಸಂಜೆ ಮಳೆ ಬಿಟ್ಟ ಹೊತ್ತಿಗೆ ಖಾಲಿ ರಸ್ತೆಯಲ್ಲಿ ಹೊರಟೆ. ದೀಪ ಹತ್ತಿಕೊಂಡೇ ಇತ್ತು. ವೇಗ ಇಪ್ಪತ್ತು ದಾಟಿ ಸ್ವಲ್ಪ ದೂರ ಹೋದ ಮೇಲೆ ಆರಿತು. ಮರುದಿನ ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರಗಳ ವೇಗ ಒಂದೇ ಬಂತು, ಹಳೆಯ ಕೋಡ್ ಅಳಿಸಿದೆವು. ಭಾನುವಾರ ಘಾಟಿ ಇಳಿದೆವು.