ಸ್ಟ್ಯಾಗ್‌ಗೆ ರೋವರ್ ಎಂಜಿನ್ ಹಾಕಿಸಬೇಕಾ?

ನನ್ನ ಹತ್ತಿರ ಟ್ರಯಂಫ್ ಸ್ಟ್ಯಾಗ್ ಕಾರು ಇದೆ ಎಂದರೆ ಸಾಕು, ಇಂಗ್ಲೆಂಡಿನಲ್ಲಿ ಹಳೆ ಕಾರಿನ ಹುಚ್ಚಿರುವ ಯಾರೇ ಆಗಲಿ, ಇಲ್ಲಿನ ನಮ್ಮ ಕನ್ನಡದ ಗೆಳೆಯರೂ ಸೇರಿ, ಕೇಳುವುದು ಒಂದೇ: "ಇನ್ನೂ ಆ ಎಂಜಿನ್ನೇ ಇದೆಯಾ? ರೋವರ್ ವಿ8 ಹಾಕಿಸಿಬಿಡಬಾರದಾ?" ವಿ8 ಎಂದರೆ ಎರಡು ಸಾಲಿನಲ್ಲಿ ವಿ ಆಕಾರಕ್ಕೆ ಜೋಡಿಸಿದ ಎಂಟು ಸಿಲಿಂಡರ್‌ಗಳ ಎಂಜಿನ್. ಈಚೆಗೆ ಸ್ಟ್ಯಾಗ್ ಕೊಳ್ಳಲು ಹೊರಟ ಇಬ್ಬರು ಇದನ್ನೇ ಕೇಳಿದರು. ನನ್ನ ಉತ್ತರ: ಬೇಡ. ಮೊದಲು ಎಂಜಿನ್ನಿನೊಳಗಿನ ನೀರಿನ ದಾರಿ ಸರಿಮಾಡಿ.

ಸ್ಟ್ಯಾಗ್ ಬಂದದ್ದು 1970ರಲ್ಲಿ. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಚಂದದ ಬಾಡಿ, ಅದರೊಳಗೆ ಟ್ರಯಂಫ್‌ನವರದೇ 2997 ಸಿಸಿಯ ವಿ8. 1977ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು 26 ಸಾವಿರ ಕಾರುಗಳು ಹೊರಬಂದಿದ್ದವು, ಹೆಸರೂ ಕೆಟ್ಟಿತ್ತು. ಹೀಟ್ ಆಗುತ್ತದೆ, ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಬೆಂಡ್ ಆಗುತ್ತದೆ, ಅದರಡಿಯ ಗ್ಯಾಸ್ಕೆಟ್ ಹೋಗುತ್ತದೆ ಎಂಬ ದೂರು.

ದೂರು ಸುಳ್ಳಲ್ಲ. ಸಿಲಿಂಡರ್‌ಗಳಿರುವ ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. ನೀರು ಸರಿಯಾಗಿ ಓಡಾಡುತ್ತಿದ್ದರೆ ಈ ಜೋಡಿಯಿಂದ ತೊಂದರೆಯಿಲ್ಲ, ಎಷ್ಟೋ ಎಂಜಿನ್‌ಗಳು ಹೀಗೇ ಇವೆ. ಆದರೆ ಸ್ಟ್ಯಾಗ್‌ನ ವಾಟರ್ ಪಂಪ್ ಕೂತಿರುವುದು ಎರಡು ಸಾಲು ಸಿಲಿಂಡರ್‌ಗಳ ನಡುವೆ, ಎಂಜಿನ್ನಿನ ನೆತ್ತಿಯಲ್ಲಿ. ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಬರಿದಾಗುವುದು ಅದೇ. ಗಾಳಿ ಹೊಕ್ಕರೆ ಪಂಪ್ ಸುಮ್ಮನೆ ಸುತ್ತುತ್ತಿರುತ್ತದೆ, ನೀರು ನಿಂತಲ್ಲೇ ಕುದಿಯುತ್ತದೆ. ಸೆನ್ಸರ್ ನೀರಿನಿಂದ ಹೊರಗುಳಿದರೆ ಡ್ಯಾಶ್‌ಬೋರ್ಡಿನ ಮುಳ್ಳೂ ನಿಜ ಹೇಳುವುದಿಲ್ಲ. ಇದರ ಜೊತೆಗೆ ಎರಕ ಹೊಯ್ಯುವಾಗ ಬಳಸಿದ ಮರಳು ಕೆಲವು ಬ್ಲಾಕ್‌ಗಳಲ್ಲಿ ಹಾಗೇ ಉಳಿದು ನೀರಿನ ದಾರಿ ಕಟ್ಟುತ್ತಿತ್ತು.

ಕಳೆದ ಚಳಿಗಾಲದಲ್ಲಿ ಗೆಳೆಯರೊಬ್ಬರ ಸ್ಟ್ಯಾಗ್‌ನ ಬ್ಲಾಕ್ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿದೆವು. ಒಂದು ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ರಾಗಿ ಅಂಬಲಿಯಂಥ ಕಂದು ಕೆಸರು ಬಂತು, ಅದರ ಹಿಂದೆ ನೀರು. ಮೊದಲಿನ ಮಾಲೀಕರು ವರ್ಷಗಟ್ಟಲೆ ಕೂಲೆಂಟ್ ಹಾಕದೆ ಬರೀ ನಲ್ಲಿ ನೀರು ತುಂಬಿಸಿದ್ದರು. ಎರಡೂ ಕಡೆಯಿಂದ ನೀರು ಬಿಟ್ಟು ತಿಳಿಯಾಗುವವರೆಗೆ ತೊಳೆದೆವು, ರೇಡಿಯೇಟರ್‌ನ ಕೋರ್ ಹೊಸದು ಹಾಕಿಸಿದೆವು, ಪಂಪ್ ಬದಲಿಸಿದೆವು. ಈ ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತರೂ ಮುಳ್ಳು ನಡುವಿನಿಂದ ಕದಲಲಿಲ್ಲ. ಅಂಥ ಎಂಜಿನ್ ಕಿತ್ತುಹಾಕುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಪುಣ್ಯಕ್ಕೆ ಹೆಡ್ ಬಿಚ್ಚುವ ಪ್ರಸಂಗ ಬರಲಿಲ್ಲ. ಸ್ಟ್ಯಾಗ್‌ನ ಹೆಡ್ ಹಿಡಿದಿರುವ ಸ್ಟಡ್ (ಬ್ಲಾಕ್‌ಗೆ ನೆಟ್ಟ ಕಡ್ಡಿ) ಮತ್ತು ಬೋಲ್ಟ್‌ಗಳು ಎರಡು ಬೇರೆ ಕೋನದಲ್ಲಿವೆ. ಉಕ್ಕಿನ ಸ್ಟಡ್ ಅಲ್ಯೂಮಿನಿಯಂನೊಳಗೆ ಕಚ್ಚಿಕೊಂಡಿತೆಂದರೆ ಹೆಡ್ ಮೇಲೇಳುವುದೇ ಇಲ್ಲ.

ಮೂಲ ವಿನ್ಯಾಸ ಕೆಟ್ಟದ್ದು ಎನ್ನುವವರಿಗೆ ಸಾಬ್ 99 ಕಾರನ್ನು ತೋರಿಸುತ್ತೇನೆ. ಈ ವಿ8ನ ಅರ್ಧವೇ ಟ್ರಯಂಫ್‌ನ ಓರೆ ನಾಲ್ಕು ಸಿಲಿಂಡರ್ ಎಂಜಿನ್. ಸ್ವೀಡನ್ನಿನ ಸಾಬ್ ಅದನ್ನು 1709 ಸಿಸಿಯಲ್ಲಿ 99ಕ್ಕೆ ಕೂರಿಸಿತು, ಆಮೇಲೆ ಅದನ್ನೇ ತಿದ್ದಿ ತನ್ನದೇ ಎಂಜಿನ್ ಮಾಡಿಕೊಂಡಿತು. ಸಾಬ್‌ನ ಟರ್ಬೊ ಹುಟ್ಟಿದ್ದು ಆ ವಂಶದಲ್ಲೇ.

ರೋವರ್‌ನ 3528 ಸಿಸಿ ವಿ8 ಒಳ್ಳೆಯ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಬ್ಯುಯಿಕ್‌ನಿಂದ ಬಂದದ್ದು, ಬ್ಲಾಕ್ ಕೂಡ ಅಲ್ಯೂಮಿನಿಯಂ, ಹಗುರ. ಆದರೆ ಎಂಜಿನ್ ಇಳಿಸಿದರೆ ಕೆಲಸ ಮುಗಿಯಲಿಲ್ಲ. ಮೌಂಟಿಂಗ್, ಸೈಲೆನ್ಸರ್ ಪೈಪು, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲಕ್ಕೂ ಕೈ ಹಾಕಬೇಕು. ಮುಂದಿನ ಭಾರ ಇಳಿದದ್ದರಿಂದ ಸ್ಪ್ರಿಂಗ್ ಕೂಡ ನೋಡಬೇಕು. ದಾಖಲೆಯಲ್ಲಿ ಎಂಜಿನ್ ನಂಬರ್ ತಿದ್ದಿಸಬೇಕು, ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು. ಇಷ್ಟೆಲ್ಲ ಮಾಡಿ ಕೆಸರು ಕಟ್ಟಿದ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡರೆ ರೋವರ್ ಕೂಡ ಕುದಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಟ್ರಯಂಫ್ ವಿ8ನ ಗುಡುಗು ಬೇರೆ ಯಾವ ಕಾರಿನಲ್ಲೂ ಸಿಗದು. ನಾನು ಸ್ಟ್ಯಾಗ್ ಕೊಂಡದ್ದೇ ಆ ಸದ್ದಿಗೆ.

ಬ್ಲಾಕೇ ಸೀಳಿದ್ದರೆ ಮಾತು ಬೇರೆ. ಯಾರೋ ಆಗಲೇ ರೋವರ್ ಚೆನ್ನಾಗಿ ಕೂರಿಸಿದ್ದರೂ ಅದನ್ನು ಕೀಳಬೇಡಿ, ಖುಷಿಯಾಗಿ ಓಡಿಸಿ.

ಸ್ವಂತ ಎಂಜಿನ್ ಇರುವ ಸ್ಟ್ಯಾಗ್ ನೋಡಲು ಹೋಗುವುದಾದರೆ, ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಬಿಡಿ. ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಮುಚ್ಚಳ ತೆಗೆದು ಬಣ್ಣ ನೋಡಿ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನ್ ಬದಲಿಸಿದ ಬಿಲ್ ಕೇಳಿ. 25 ಸಾವಿರ ಮೈಲಿಗೊಮ್ಮೆ ಬದಲಿಸಲೇಬೇಕು, ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ಸ್ಟಾರ್ಟ್ ಮಾಡಿಸಿ, ಇಪ್ಪತ್ತು ನಿಮಿಷ ನಿಂತಲ್ಲೇ ಓಡಲು ಬಿಟ್ಟು, ಮುಳ್ಳಿನ ಮೇಲೆ ಕಣ್ಣಿಡಿ.