ಮೂರು ಕಾಗದಗಳು, ಒಂದೇ ನೆರೆ

ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ನಮಗೆ ವರ್ಗೀಕರಣವನ್ನು ಕಲಿಸಿದ ಮೇಷ್ಟ್ರನ್ನು ನೆನೆದಾಗಲೆಲ್ಲ, ಅವರು ಪಾಠಕ್ಕೆಂದೇ ಸ್ವತಃ ಬರೆದು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ ಮೂರು ಕಾಗದಗಳು ಕಣ್ಣ ಮುಂದೆ ಬರುತ್ತವೆ. ಮೊದಲನೆಯದು ನದಿಯ ಮಟ್ಟವನ್ನು ಗಂಟೆಗೊಮ್ಮೆ ನಮೂದಿಸಿದ ದಾಖಲೆಯ ಹಾಳೆ, ಎರಡನೆಯದು ಪರಿಹಾರ ಕೋರುವ ಅರ್ಜಿ, ಮೂರನೆಯದು ತಾಯಿಯೊಬ್ಬಳು ದೂರದಲ್ಲಿದ್ದ ಮಗನಿಗೆ ಬರೆದ ಪತ್ರ. ಮೂರೂ ಒಂದೇ ರಾತ್ರಿಯ ನೆರೆಗೆ ಸಂಬಂಧಿಸಿದ್ದವು. ಇವುಗಳ ವಿಷಯವೇನೆಂದು ಕೇಳಿದಾಗ ನಾನು ಮೂರಕ್ಕೂ "ಪ್ರವಾಹ" ಎಂದೇ ಬರೆದೆ. ಅವರು ಅದನ್ನು ಹೊಡೆದುಹಾಕಲಿಲ್ಲ, "ಇದನ್ನು ಯಾರಿಗಾಗಿ, ಯಾತಕ್ಕಾಗಿ ಬರೆದದ್ದು? ಮೊದಲು ಅದನ್ನು ಹೇಳು, ವಿಷಯವನ್ನು ಆಮೇಲೆ ನೋಡೋಣ" ಎಂದರು.

ಮತ್ತೆ ಓದಿದೆ. ದಾಖಲೆಯ ಹಾಳೆಯಲ್ಲಿ ಸಮಯವಿತ್ತು, ಮೀಟರುಗಳಿದ್ದವು, ಒಬ್ಬ ಮನುಷ್ಯನೂ ಇರಲಿಲ್ಲ. ಅರ್ಜಿಯಲ್ಲಿ ಮಳೆ ಅರ್ಧ ವಾಕ್ಯದಲ್ಲಿ ಮುಗಿದು, ಉಳಿದುದೆಲ್ಲ ಕುಸಿದ ಗೋಡೆ, ನೆನೆದ ಧಾನ್ಯ, ಕೊಚ್ಚಿಹೋದ ಹಸುವಿನ ಲೆಕ್ಕವಾಗಿತ್ತು. ಆ ರಾತ್ರಿಯ ಭಯಕ್ಕೆ ಅಲ್ಲಿ ಕಲಮೇ ಇರಲಿಲ್ಲ. ಪತ್ರದಲ್ಲಿ ನೀರು ಹೊಸ್ತಿಲ ತನಕ ಬಂದು ಇಳಿದುಹೋಗಿತ್ತು, ಎಲ್ಲರೂ ಕ್ಷೇಮವಾಗಿದ್ದರು, ಹಸುವಿನ ಸುದ್ದಿಯೇ ಇರಲಿಲ್ಲ. ಮಗ ಗಾಬರಿಯಾಗಬಾರದೆಂಬುದೇ ಆ ಪತ್ರದ ಉದ್ದೇಶವಾಗಿದ್ದುದರಿಂದ, ಅರ್ಜಿಗೆ ಜೀವಾಳವಾದ ಸಂಗತಿಯನ್ನೇ ಅದು ಬಚ್ಚಿಟ್ಟಿತ್ತು.

ಗ್ರಂಥಾಲಯದ ಪುಸ್ತಕಗಳಿಗೆ ವಿಷಯಕ್ಕೆ ತಕ್ಕಂತೆ ಸಂಖ್ಯೆ ಕೊಡುವ ಪದ್ಧತಿಯಾದ, 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ನೆರೆಗೆ ಒಂದೇ ಮನೆಯಿಲ್ಲ ಎಂಬುದು ಆಗಲೇ ನನಗೆ ಅರ್ಥವಾದದ್ದು. ಭೂಮಿಯ ಮೇಲಿನ ನೀರಿನ ಅಧ್ಯಯನವಾದರೆ 551.48, ನೆರೆಯನ್ನು ತಡೆಯುವ ಎಂಜಿನಿಯರಿಂಗ್ ಆದರೆ 627.4, ವಿಪತ್ತು ಪರಿಹಾರವಾದರೆ 363.34. ಇದಲ್ಲದೆ, ಯಾವ ವಿಷಯದ ಸಂಖ್ಯೆಗಾದರೂ ನಿಘಂಟು, ವಿಶ್ವಕೋಶಗಳಿಗೆ 03, ನಿಯತಕಾಲಿಕಗಳಿಗೆ 05 ಎಂದು ರೂಪವನ್ನು ಸೂಚಿಸುವ ಅಂಕಿಗಳನ್ನು ಬಾಲದಂತೆ ಸೇರಿಸುವ ಏರ್ಪಾಡೂ ಅದರಲ್ಲಿದೆ. ಕಪಾಟಿನಲ್ಲಿ ಪುಸ್ತಕ ಹುಡುಕುವವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು, ಅದನ್ನು ಮೇಷ್ಟ್ರೂ ಒಪ್ಪುತ್ತಿದ್ದರು. ಆದರೆ ರೂಪವೆಂಬುದು ಸಿದ್ಧವಾಗಿರುವ ವಿಷಯಕ್ಕೆ ಮೇಲಿನಿಂದ ತೊಡಿಸಿದ ಅಂಗಿಯಲ್ಲ, ಏನನ್ನು ಹೇಳಬಹುದು, ಏನನ್ನು ಬಿಡಬೇಕು ಎಂಬುದನ್ನು ಬರೆಯುವವನ ಕೈ ಹಿಡಿದು ಅದೇ ತೀರ್ಮಾನಿಸುತ್ತದೆ ಎಂದು ಅವರು ಪಟ್ಟು ಹಿಡಿದು ವಾದಿಸುತ್ತಿದ್ದರು. ನಿಘಂಟಿನಲ್ಲಿರುವ ನದಿಗೆ ದಡವೇ ಇಲ್ಲ, ಅರ್ಥ ಮಾತ್ರ ಇದೆ ಎಂದು ಅವರು ಹೇಳಿದ್ದನ್ನು ನಾನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೆ.

ಇಂದು ಅದೇ ಕೆಲಸ ಮಾಡುತ್ತಿರುವ ನಾನು ಹೊಸ ಪುಸ್ತಕ ಕೈಗೆ ಬಂದಾಗ ಶೀರ್ಷಿಕೆಯನ್ನು ನಂಬದೆ ಮುನ್ನುಡಿಯನ್ನು ಓದಿ, ಇದು ಯಾರ ಕೈ ಸೇರಲೆಂದು ಹುಟ್ಟಿದ್ದು ಎಂದು ಕೇಳಿಕೊಂಡ ಮೇಲೆಯೇ ಸಂಖ್ಯೆ ಬರೆಯುತ್ತೇನೆ. ಆ ಮೂರನೆಯ ಕಾಗದಕ್ಕೆ ಮಾತ್ರ ಅಂದು ತರಗತಿಯಲ್ಲಿ ಒಮ್ಮತ ಮೂಡಲಿಲ್ಲ. ಗೆಳೆಯರು ಅದನ್ನು ಪತ್ರಸಾಹಿತ್ಯವೆಂದರು. ಅದರ ವಿಷಯ ಆ ಮಗ ಎಂದು ನಾನು ಬರೆದುಕೊಟ್ಟೆ. ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿ, ಅಂಕ ಹಾಕದೆ, ಮಡಚಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು.